ಎದುರಾಳಿ ಸುತ್ತಿದ ಪಟ್ಟಿ

ವಾಲ್ಟ್‌ನ ಕೈಯಿಂದ ಬಟ್ಟೆಪಟ್ಟಿಯ ಸುರುಳಿ ಮೂರನೇ ಸಲ ಜಾರಿ ಬಿದ್ದಾಗ, ಬಾಗಿಲ ಪಕ್ಕ ಕೂತಿದ್ದ ಲಿಯೋಟಿಸ್ ಗೋಡೆಯ ಕಡೆ ಮುಖ ತಿರುಗಿಸಿದ. ಹಾಗೆ ನೋಡಿದರೆ ಅವನು ಅಲ್ಲಿಗೆ ಬಂದಿದ್ದೇ ನೋಡುವುದಕ್ಕೆ. ಗ್ಲೌಸು ತೊಡುವ ಮುಂಚೆ ಬಾಕ್ಸರನ ಕೈಗೆ ಪಟ್ಟಿ ಸುತ್ತುವಾಗ ಎದುರು ಪಾಳಯದವನೊಬ್ಬ ಬಂದು ಕೂರಬೇಕು. ಒಳಗೆ ಕಳ್ಳಮಾಲು ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಟೇಪಿನ ಮೇಲೆ ರುಜು ಹಾಕಬೇಕು. ತೀರಾ ಗಟ್ಟಿಯಾಯಿತೆಂದು ತಕರಾರು ತೆಗೆದವರುಂಟು. ಸಡಿಲವಾಯಿತೆಂದು ಯಾವ ಮುಟ್ಠಾಳನೂ ತೆಗೆಯುವುದಿಲ್ಲ. ಸಡಿಲ ಪಟ್ಟಿಯೆಂದರೆ ಮೂರನೇ ಸುತ್ತಿಗೆ ಎದುರಾಳಿಯ ಬೆರಳೆಲುಬು ಮುರಿದಂತೆಯೇ.

ಕುರ್ಚಿಯನ್ನು ಹಿಂದುಮುಂದಾಗಿಸಿ, ಅದರ ಬೆನ್ನಿನ ಮೇಲೆ ಬಲಗೈ ಚಾಚಿ ಕೂತಿದ್ದವನು ವಾಲ್ಟ್‌ನ ಬಾಕ್ಸರ್ ಡೆನಿಸ್ ಕ್ವಿಲ್ಟಿ. ತಲೆಯ ಮೇಲೆ ಅಭ್ಯರ್ಥಿಯ ಹೆಸರಿದ್ದ ಕೆಂಪು ಟೋಪಿ. ಚುನಾವಣೆಗೆ ಹತ್ತೇ ದಿನ. ಅಮೆರಿಕದ ಟೊಲೀಡೊ ಊರಿನ ಆ ಸಭಾಂಗಣದ ಮುಂದಿನ ಸಾಲುಗಳನ್ನೆಲ್ಲ ಅಭ್ಯರ್ಥಿಯ ಕಡೆಯವರೇ ತುಂಬಿದ್ದರು. "ಈ ಊರು ಯಾರದ್ದು ಅಂತ ಶನಿವಾರ ಗೊತ್ತಾಗತ್ತೆ" ಎಂದು ಡೆನಿಸ್ ವಾರವಿಡೀ ರೇಡಿಯೋದಲ್ಲಿ ಹೇಳಿದ್ದ. ಅವನು ಬಿಳಿಯ, ಲಿಯೋಟಿಸ್ ತಯಾರು ಮಾಡಿದ್ದ ಟವಾರಿಸ್ ಕರಿಯ. ಟಿಕೀಟು ಖರ್ಚಾಗಿದ್ದೇ ಆ ಮಾತಿನ ಮೇಲೆ.

"ಲೇ ವಾಲ್ಟ್, ಬೆರಳಿಗೆ ಏನಾಗಿದೆಯೋ?" ಕೊನೆಗೂ ಲಿಯೋಟಿಸ್ ಬಾಯಿಬಿಟ್ಟ. ಮೂವತ್ತು ವರ್ಷದಿಂದ ಇಬ್ಬರೂ ಎದುರುಬದುರು ಮೂಲೆಗಳಲ್ಲಿ ನಿಂತವರು.

"ಏಪ್ರಿಲಲ್ಲಿ ಸ್ವಲ್ಪ ಲಕ್ವ ಹೊಡೀತು. ನಿಂಗ್ಯಾಕೆ? ಸುಮ್ನೆ ರುಜು ಹಾಕಿ ಹೋಗು."

"ಇದಕ್ಕೆ ಹಾಕಲ್ಲ. ಬಿಚ್ಚು. ಇತ್ಲಾಗೆ ಕೊಡು, ನಾನೇ ಸುತ್ತುತೀನಿ."

ಡೆನಿಸ್ ನಕ್ಕ. "ಏನ್ ಮುದುಕಪ್ಪ, ನನ್ನ ಕೈ ನಿನಗ್ಯಾಕೆ ಕೊಡ್ಲಿ?"

"ಆ ಕೈಯಿಂದ ನಾಳೆ ಚಮಚ ಹಿಡೀಬೇಕು ಅನ್ನೋ ಆಸೆ ಇದ್ರೆ ಕೊಡು."

ಪಂದ್ಯದ ಮೇಲ್ವಿಚಾರಕ ತಲೆ ಕೆರೆದುಕೊಂಡ. ಮಾಡಬಾರದೆಂದು ನಿಯಮದಲ್ಲಿ ಬರೆದಿಲ್ಲವೆಂದ. ಡೆನಿಸ್ ವಾಲ್ಟ್‌ನ ಮುಖ ನೋಡಿದ. ವಾಲ್ಟ್ ನೆಲ ನೋಡಿದ. ಟೀವಿಯ ಕ್ಯಾಮೆರಾದವನು ಹತ್ತಿರ ಬಂದ. ಲಿಯೋಟಿಸ್ ಎರಡೂ ಕೈಗಳಿಗೆ ನಿಧಾನವಾಗಿ, ಕೂಸಿಗೆ ಕುಲಾವಿ ಕಟ್ಟುವವನಂತೆ ಪಟ್ಟಿ ಸುತ್ತಿದ. ಮುಷ್ಟಿ ಕಟ್ಟಿಸಿದ, ಬಿಡಿಸಿದ. ಆಮೇಲೆ ರುಜು ಹಾಕಿದ.

ಸುದ್ದಿ ಕೇಳಿ ಟವಾರಿಸ್ ಹಗ್ಗ ಜಿಗಿಯುವುದನ್ನೇ ನಿಲ್ಲಿಸಿದ. "ತಾತಾ, ತಲೆ ನೆಟ್ಟಗಿದ್ಯಾ? ನಾಲ್ಕು ವರ್ಷ ಕಾದು ಈ ಪಂದ್ಯ ಸಿಕ್ಕಿದೆ. ಗೆದ್ರೇನೇ ಮುಂದೆ ಚಾಂಪಿಯನ್ ಬೆಲ್ಟು. ನೀನು ಹೋಗಿ ಅವನ ಮುಷ್ಟಿ ಗಟ್ಟಿ ಮಾಡಿ ಬಂದ್ಯಾ?"

"ಅವನ ಕೈ ಮುರಿದಿದ್ರೆ, ಮುರಿದ ಕೈಯವನನ್ನ ಹೊಡೆದ ಅಂತಾರೆ. ಸಾಯೋವರೆಗೂ ಅದನ್ನೇ ಹೇಳ್ತಾರೆ. ಇವರ ಬಾಯಿಗೆ ಒಂದೂ ನೆಪ ಸಿಗಬಾರದು ಕಣೋ. ಸರಿಯಿರೋ ಕೈಯವನನ್ನ ಹೊಡಿ."

ಟವಾರಿಸ್ ಹೊಡೆದ. ಹೊಡೆಸಿಕೊಂಡ ಕೂಡ, ಎಂಟನೇ ಸುತ್ತಿಗೆ ಅವನ ಎಡಗಣ್ಣು ಮುಚ್ಚಿಹೋಗಿತ್ತು. ಹತ್ತು ಸುತ್ತು ಮುಗಿದಾಗ ಮೂವರು ತೀರ್ಪುಗಾರರೂ ಗೆಲುವನ್ನು ಅವನಿಗೇ ಕೊಟ್ಟರು. ಅಷ್ಟರಲ್ಲಿ ದೊಡ್ಡ ಪರದೆಯ ಮೇಲೆ, ವಿಶೇಷವೆಂದು, ಬಟ್ಟೆ ಬದಲಿಸುವ ಕೋಣೆಯ ದೃಶ್ಯ ಬಂತು: ಕರಿಯ ಮುದುಕ, ಬಿಳಿಯ ಹುಡುಗನ ಕೈ, ಪಟ್ಟಿ.

"ಏನೋ ಮಾಡ್ಬಿಟ್ಟಿದಾನೆ ಕರಿಯ!" ಎಂದು ಮುಂದಿನ ಸಾಲಿನಿಂದ ಒಬ್ಬ ಕೂಗಿದ. "ಪಟ್ಟಿಯಲ್ಲೇ ಮೋಸ!" ಎಂದ ಇನ್ನೊಬ್ಬ. ಲಿಯೋಟಿಸ್‌ನ ಬೆನ್ನಿಗೆ ಬಿಯರ್ ಲೋಟ ಬಂದು ಬಡಿಯಿತು.

ಅಭ್ಯರ್ಥಿ ಅಖಾಡದೊಳಕ್ಕೆ ಬಂದು ಡೆನಿಸ್‌ನ ಹೆಗಲ ಮೇಲೆ ಕೈ ಹಾಕಿದ. ಟೀವಿಯವನು ಮೈಕು ಚಾಚಿ ಕೇಳಿದ: "ಪಟ್ಟಿ ಸರಿಯಾಗಿತ್ತಾ ಡೆನಿಸ್?"

ಡೆನಿಸ್ ಜನರನ್ನು ನೋಡಿದ. ಹೆಗಲ ಮೇಲಿನ ಕೈಯನ್ನು ನೋಡಿದ. "ನಾನೇನು ಹೇಳ್ಲಿ? ನೀವೆಲ್ಲ ನೋಡಿದೀರಲ್ಲ" ಎಂದ. ಗೆದ್ದಿದ್ದರೂ ಅಷ್ಟು ದೊಡ್ಡ ಕೇಕೆ ಬೀಳುತ್ತಿರಲಿಲ್ಲವೇನೋ. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು.

"ನೆಪ ಸಿಗಬಾರದು ಅಂದ್ಯಲ್ಲ ತಾತಾ," ಕೋಣೆಯಲ್ಲಿ ಕಣ್ಣಿಗೆ ಐಸು ಒತ್ತಿಕೊಂಡು ಟವಾರಿಸ್ ಹೇಳಿದ. "ನೀನೇ ಅಳತೆ ತಗೊಂಡು ಹೊಲಿದು ಕೊಟ್ಟೆ ನೋಡು."

ಲಿಯೋಟಿಸ್ ಒದ್ದೆ ಅಂಗಿ ಹಿಂಡುತ್ತಿದ್ದ. ಅಷ್ಟರಲ್ಲಿ ಬಾಗಿಲು ಅರ್ಧ ತೆರೆಯಿತು. ಡೆನಿಸ್ ಒಬ್ಬನೇ, ಟೋಪಿ ಕೈಯಲ್ಲಿ. ಬಲಗೈಯ ಪಟ್ಟಿಯನ್ನು ಇನ್ನೂ ಬಿಚ್ಚಿಸಿರಲಿಲ್ಲ.

"ಸಾರ್, ಇದನ್ನ ಕತ್ತರಿಸಿ ಕೊಡ್ತೀರಾ? ವಾಲ್ಟ್ ಕೈಲಿ ಆಗ್ತಿಲ್ಲ."

ಲಿಯೋಟಿಸ್ ಕತ್ತರಿ ತೆಗೆದುಕೊಂಡು ಅಂಗೈಯ ಕಡೆಯಿಂದ ಕತ್ತರಿಸಿದ. ಮೇಲಿನ ರುಜು ಹಾಗೇ ಉಳಿಯಿತು. ಡೆನಿಸ್ ಬೆರಳು ಮಡಚಿದ, ಬಿಡಿಸಿದ.

"ಒಂದು ಬೆರಳೂ ಊದಿಲ್ಲ, ನೋಡಿ. ಇಂಥಾ ಪಟ್ಟಿ ನಂಗೆ ಇದುವರೆಗೆ ಯಾರೂ ಕಟ್ಟಿರ್ಲಿಲ್ಲ." ಅವನು ದನಿ ತಗ್ಗಿಸಿದ. "ಮಾರ್ಚಲ್ಲಿ ಇನ್ನೊಂದು ಪಂದ್ಯ ಇದೆ. ಯಾರಿಗೂ ಗೊತ್ತಾಗೋದು ಬೇಡ. ನೀವೇ ಬಂದು…"

ಲಿಯೋಟಿಸ್ ಪಟ್ಟಿಯನ್ನು ಅವನ ಕೈಗೆ ಕೊಟ್ಟ. "ಟೀವಿಯೋರು ಇನ್ನೂ ಹೋಗಿಲ್ಲ. ಇದನ್ನ ಹಿಡ್ಕೊಂಡು ಅಲ್ಲಿಗೆ ಹೋಗು. ಈಗ ನನ್ನನ್ನ ಕೇಳಿದ್ದನ್ನ ಮೈಕ್ ಮುಂದೆ ಕೇಳು. ಬರ್ತೀನಿ."

ಡೆನಿಸ್ ಹೊರಗೆ ಕಾರಿಡಾರಿಗೆ ಬಂದು ನಿಂತ. ಆ ತುದಿಯಲ್ಲಿ ಕ್ಯಾಮೆರಾದ ದೀಪ ಉರಿಯುತ್ತಿತ್ತು. ಅವನು ಪಟ್ಟಿಯನ್ನು ಕೆಂಪು ಟೋಪಿಯೊಳಗೆ ಇಟ್ಟು, ಟೋಪಿಯನ್ನು ಎರಡು ಮಡಿಕೆ ಮಡಿಚಿ ಅಂಗಿಯೊಳಗೆ ತುರುಕಿಕೊಂಡು, ಹಿಂಬಾಗಿಲ ಕಡೆ ನಡೆದ.