ಗಲಾಟೆ ಇಲ್ಲದ ಹಾಡು

ಟೇಪು ಮತ್ತೆ ಸಿಕ್ಕಿಕೊಂಡಿತು. ಅಹ್ಮದ್ ಪಾಷಾ ಕ್ಯಾಸೆಟ್ ಹೊರತೆಗೆದು, ಪೆನ್ಸಿಲು ತೂರಿಸಿ ಮೆಲ್ಲಗೆ ಸುತ್ತತೊಡಗಿದ. ಎದುರಿಗಿದ್ದ ಅಮೃತಮ್ಮ ಉಸಿರು ಬಿಗಿಹಿಡಿದಿದ್ದರು.

"ಇನ್ನೊಂದೇ ಸಲ ಓಡುತ್ತೆ ಅಮ್ಮಾ. ಆಮೇಲೆ ಖತಂ."

"ಆ ಒಂದ್ಸಲದಲ್ಲೇ ಸೀಡಿಗೆ ಹಾಕ್ಬಿಡು ತಂಬಿ. ನನ್ನ ಮಗನ ದನಿ ಇದ್ರಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ."

ಶಿವಾಜಿನಗರದಲ್ಲಿ ಕ್ಯಾಸೆಟ್ಟಿನ ಕಾಲ ಮುಗಿಯುತ್ತಿತ್ತು. ಪಾಷಾ ತನ್ನ ಕ್ಯಾಸೆಟ್ ಅಂಗಡಿಗೆ ಹಳೆಯ ಕಂಪ್ಯೂಟರೊಂದನ್ನು ತಂದು, ಹೊಸ ವಿದ್ಯೆ ತಾನೇ ಕಲಿತಿದ್ದ. ಅಮೃತಮ್ಮ ಶ್ರೀಲಂಕಾದ ಜಾಫ್ನಾದ ತಮಿಳರು. ಯುದ್ಧದಲ್ಲಿ ದೋಣಿ ಹತ್ತಿ ಬಂದು, ಹಲಸೂರಿನಲ್ಲಿ ಬಟ್ಟೆ ಹೊಲಿಯುತ್ತ ಕನ್ನಡ ಕಲಿತವರು.

"ನಮ್ಮೂರ ಗುಡಿ ಬಯಲಲ್ಲಿ ಗಿಟಾರ್ ಬ್ಯಾಂಡ್ ನಿಂತ್ರೆ ಬೆಳಗಾಗೋದೇ ಗೊತ್ತಾಗ್ತಿರಲಿಲ್ಲ. ಆಮೇಲೆ ಕರ್ಫ್ಯೂ ಬಂತು, ಕರೆಂಟು ಹೋಯ್ತು. ಡ್ರಮ್ ಬಾರಿಸೋನು ಕೆನಡಾಕ್ಕೆ, ಗಿಟಾರ್‌ನೋನು ಮಣ್ಣಿಗೆ."

"ನಿಮ್ ಹುಡುಗ?"

"ಮನೇಲೂ ಅವನದ್ದು ಇದೇ ಗೋಳು. ಬಾಯ್ಮುಚ್ಚೋ ಅಂತ ದಿನಾ ಬೈತಿದ್ದೆ."

ಪಾಷಾ ಮುಂದೆ ಕೇಳಲಿಲ್ಲ. ಯುದ್ಧದಿಂದ ಬಂದವರ ಮಾತನ್ನು ಅವರು ನಿಲ್ಲಿಸಿದಲ್ಲಿಗೇ ಬಿಡುವುದು ಆ ಗಲ್ಲಿಯ ಮರ್ಯಾದೆ.

ಟೇಪು ಕೊನೆಯ ಸಲ ಓಡಿ ತುಂಡಾಯಿತು. ಹಾಡು ಕಂಪ್ಯೂಟರಿಗೆ ಇಳಿದಿತ್ತು. ಪಾಷಾ ಹಗಲೆಲ್ಲ ಅದರ ಮುಂದೆ ಕೂತ.

ಪಕ್ಕದ ಬಳೆ ಅಂಗಡಿಯ ನರೇಶ್ ಇಣುಕಿದ. "ಯಾವ ಹೀರೋ ಗುರು ಇವ್ನು? ಏನ್ ಗಂಟ್ಲು!"

"ಒಬ್ರು ಅಮ್ಮನ ಮಗ ಕಣೋ. ಬಂಗಾರದಂಥ ದನಿ, ಸುತ್ತ ಬರೀ ಕಸ. ತೊಳೀತಾ ಇದೀನಿ."

ತೊಳೆದ. ಗೊರಗೊರ ತೆಗೆದ, ಹಾಡಿನ ಹಿಂದುಮುಂದಿನ ಗಲಾಟೆ ಕತ್ತರಿಸಿದ. ಕಂಪ್ಯೂಟರಿನಲ್ಲಿ ಜಾಗ ಸಾಲದು. ಕಸವಿದ್ದದ್ದನ್ನು ಅಳಿಸಿ, ತೊಳೆದದ್ದನ್ನಷ್ಟೇ ಉಳಿಸಿಕೊಂಡ.

ಅಮೃತಮ್ಮ ಬಂದು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ಹಾಡು ಮುಗಿಯಿತು. ಅವರು ಕಣ್ಣು ತೆರೆಯಲಿಲ್ಲ, ಕಾಯುತ್ತಲೇ ಇದ್ದರು.

"ಅಷ್ಟೇ ಅಮ್ಮಾ. ಹೆಂಗಿದೆ?"

"ಕೊನೇಲಿ ಕೂಗಾಟ ಇತ್ತಲ್ಲ?"

"ಎಲ್ಲಾ ಕಿತ್ತಾಕ್ದೆ!" ಪಾಷಾನ ಮುಖ ಅರಳಿತು. "ಯಾವನೋ ಪೋಲಿ, ಮೈಕ್ ಪಕ್ಕಾನೇ ನಿಂತು ಶಿಳ್ಳೆ ಹೊಡ್ಕೊಂಡು, ಒನ್ಸ್ ಮೋರ್ ಒನ್ಸ್ ಮೋರ್ ಅಂತ ಅರಚ್ತಿದ್ದ. ಈಗ ನೋಡಿ, ನಿಮ್ ಮಗನ ದನಿ ಬಿಟ್ರೆ ಒಂದು ಸದ್ದಿಲ್ಲ."

ಅಮೃತಮ್ಮ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ನನ್ನ ಮಗನಿಗೆ ಹಾಡೋಕೆ ಬರ್ತಿರಲಿಲ್ಲ ತಂಬಿ."