ಕಾರಣದ ಚೀಟಿ

ಕಾರಣ ಕಚೇರಿಯ ಗುಮಾಸ್ತ ಫಾರಂ ಮುಂದಕ್ಕೆ ತಳ್ಳಿದ. "ನಿಮ್ಮ ಮಗಗ ಗಂಡಸರ ಮ್ಯಾಲ ಮನಸ್ಸು ಬಂದದ್ದು ರಕ್ತದಿಂದೋ, ಸಹವಾಸದಿಂದೋ? ಒಂದಕ್ಕ ಟಿಕ್ ಹಾಕ್ರಿ."

ನೀಲವ್ವ ಮನೆಯಲ್ಲೇ ಯೋಚಿಸಿಕೊಂಡು ಬಂದಿದ್ದಳು. ರಕ್ತ ಅಂದರೆ ಮಗಳು ಸುವರ್ಣಾ ಗಂಡಿನ ಮನೆಯವರಿಗೆ ತೋರಿಸಬೇಕಾದ ಕಾರಣದ ಚೀಟಿಯ ಮೇಲೂ ಅದೇ ಮುದ್ರೆ ಬೀಳುತ್ತದೆ, ಗೊತ್ತಾದ ಮದುವೆ ಮುರಿಯುತ್ತದೆ. ಅವಳು ಸಹವಾಸಕ್ಕೆ ಟಿಕ್ ಹಾಕಿದಳು.

"ಯಾರ ಸಹವಾಸ? ಹೆಸರು ಬೇಕ್ರಿ."

"ತಬಲಾ ಮಾಸ್ತರ್ರು, ಚನಬಸಯ್ಯ."

ಪಕ್ಕದಲ್ಲಿದ್ದ ಇಪ್ಪತ್ತರ ಮಗ ವಿರೂಪಾಕ್ಷ ಬೆಚ್ಚಿಬಿದ್ದ. "ಯವ್ವಾ, ನಾ ನಿನಗ ಹೇಳಿದ್ದು ಹದಿನಾಲ್ಕಕ್ಕ. ನೀ ನನ್ನ ಮಾಸ್ತರ ಕಡೆ ಕರಕೊಂಡು ಹೋಗಿದ್ದು ಆಮ್ಯಾಲ. ಊಟಾ ಬಿಟ್ಟು ಬಿದ್ದಾವನ್ನ ಎಬ್ಬಿಸಿ ಕೂಡಿಸಿದವ್ರು ಅವ್ರು!"

"ಬಾಯಿ ಮುಚ್ಚು."

ಇಂಥ ಜಗಳ ದಿನಕ್ಕೆ ಹತ್ತು ನೋಡುವ ಗುಮಾಸ್ತ ತಲೆಯನ್ನೇ ಎತ್ತಲಿಲ್ಲ. "ಎಷ್ಟನೇ ವಯಸ್ಸಿಗೆ ಪಾಠಕ್ಕ ಸೇರಿದಾ?"

"ಹತ್ತಕ್ಕ," ಎಂದಳು ನೀಲವ್ವ.

ಮುದ್ರೆ ಬಿತ್ತು. ನಾಳೆಯಿಂದ ಮಾಸ್ತರರು ಯಾರಿಗೂ ಕಲಿಸುವಂತಿಲ್ಲ, ಈ ಊರಲ್ಲಿ ಇರುವಂತೆಯೂ ಇಲ್ಲ.

ಹೊರಗೆ ಬೇವಿನ ಮರದ ಕೆಳಗೆ ಚನಬಸಯ್ಯನವರೇ ಕಾಯುತ್ತಿದ್ದರು. ಕಚೇರಿಯವರು ಹುಡುಗನನ್ನು ಗದರಿಸಿಯಾರೆಂದು, ಕರೆಯದಿದ್ದರೂ ಬೆಳಗಿನ ಪಾಠ ಬಿಟ್ಟು ಜೊತೆಗೆ ಬಂದಿದ್ದರು.

"ಕೆಲಸ ಆತೇನ್ರಿ, ನೀಲವ್ವ? ಮುಖ ಎಷ್ಟ್ ಬಾಡೇತಿ ನೋಡ್ರಿ. ಮೊದ್ಲ ನೀರು ಕುಡೀರಿ," ಎಂದು ತಮ್ಮ ಬಾಟಲಿ ಚಾಚಿದರು.

ನೀಲವ್ವನ ಗಂಟಲು ನಿಜಕ್ಕೂ ಒಣಗಿತ್ತು. ಬಾಟಲಿ ಇಸಿದುಕೊಂಡು, ತಳ ಕಾಣುವವರೆಗೂ ಕುಡಿದಳು.