ಅಕ್ಕನ ಕೋಟು, ಅಕ್ಕನ ಸೀಟು

ಗುಮಾಸ್ತ ಅರ್ಜಿಯ ಮೇಲಿದ್ದ ಫೋಟೋ ನೋಡಿದ. ಎದುರು ನಿಂತವಳ ಮುಖ ನೋಡಿದ. ಮತ್ತೆ ಫೋಟೋ ನೋಡಿದ.

“ಇದರಲ್ಲಿ ಸ್ವಲ್ಪ ಮೈಕೈ ತುಂಬ್ಕೊಂಡಿದ್ದೀರಿ.”

“ನಿಮ್ಮ ಪ್ರವೇಶ ಪರೀಕ್ಷೆಗೆ ಓದಿದ್ರೆ ಯಾರಾದ್ರೂ ಇಳಿದುಹೋಗ್ತಾರೆ ಸರ್,” ಎಂದಳು ತಂಗಿ.

ಗುಮಾಸ್ತ ನಕ್ಕು ಠಸ್ಸೆ ಒತ್ತಿದ. ಪರೀಕ್ಷೆಗೆ ಓದಿದವಳು ಅಕ್ಕ. ಫೋಟೋದಲ್ಲಿದ್ದವಳೂ ಅಕ್ಕ. ಮೈಮೇಲಿದ್ದ ಕರಿ ಕೋಟೂ ಅಕ್ಕನದೇ. ತಂಗಿ ಸ್ವಂತದ್ದೆಂದು ತಂದದ್ದು ನಾಲಿಗೆಯೊಂದನ್ನೇ.

ಸಪ್ಲೈ ಚೈನ್ ವಿಷಯದ ಸ್ನಾತಕೋತ್ತರ ಪದವಿಗೆ ಬೇಕಾದದ್ದೆಲ್ಲ ಅಕ್ಕನ ಬಳಿ ಇತ್ತು. ಪದವಿಯಲ್ಲಿ ಒಳ್ಳೆಯ ಅಂಕ, ಪ್ರವೇಶ ಪರೀಕ್ಷೆಯಲ್ಲಿ ಮೇಲಿನ ಸ್ಥಾನ, ಔಷಧಿ ಗೋದಾಮಿನಲ್ಲಿ ಎರಡು ವರ್ಷದ ಅನುಭವ, ಶಿಫಾರಸು ಪತ್ರ. ಇಲ್ಲದ್ದು ಬಾಯಿ. ಮೊದಲ ಸಂಸ್ಥೆಯ ಸಂದರ್ಶನದಲ್ಲಿ ಹೆಸರು ಕೇಳಿದ್ದಕ್ಕೆ “ಥ್ಯಾಂಕ್ಯೂ” ಎಂದು ಎದ್ದು ಬಂದಿದ್ದಳು. ಇನ್ನೊಂದರಲ್ಲಿ ಅಷ್ಟೂ ಹೊರಡಲಿಲ್ಲ. ಈ ವರ್ಷಕ್ಕೆ ಉಳಿದದ್ದು ಇದೊಂದೇ. ಇದೂ ಹೋದರೆ ಮತ್ತೆ ಅದೇ ಗೋದಾಮು, ಅದೇ ಮ್ಯಾನೇಜರು. ಅಕ್ಕನ ತಲೆಯಿಂದ ಬಂದದ್ದನ್ನೆಲ್ಲ ಮೀಟಿಂಗಿನಲ್ಲಿ ತನ್ನದೆಂದು ಊದುವ ಮಹಾನುಭಾವ.

ಬೆಳಿಗ್ಗೆ ಅಕ್ಕ ಬಚ್ಚಲಿನ ಬಾಗಿಲು ಹಾಕಿಕೊಂಡು, “ನನ್ನ ಕೈಲಾಗಲ್ಲ ಕಣೇ,” ಎಂದು ಕೂತುಬಿಟ್ಟಳು. ತಂಗಿ ಬೂಟಿನ ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುವವಳು. ಎರಡೂ ಎಡಗಾಲಿನದೇ ಕೊಟ್ಟು ಗಿರಾಕಿಯಿಂದ ಹೊಗಳಿಸಿಕೊಳ್ಳಬಲ್ಲವಳು.

“ಕೋಟು ಕೊಡು, ನಾನು ಹೋಗ್ತೀನಿ.”

“ಸಿಕ್ಕಿಬಿದ್ರೆ?”

“ಸಿಕ್ಕಿಬೀಳೋದು ನೀನೇ ಅಲ್ವಾ? ಹೆಸರು ನಿಂದು.”

ಈಗ ಸಂದರ್ಶನದ ಕೋಣೆಯ ಮುಂದೆ ನಿಂತಾಗ ಆ ಮಾತು ಅಷ್ಟೊಂದು ತಮಾಷೆಯಾಗಿ ಕಾಣಲಿಲ್ಲ.

“ಒಳಗೆ ಇರೋರು ಜೋರಾ ಸರ್?” ಎಂದು ಗುಮಾಸ್ತನನ್ನು ಕೇಳಿದಳು.

“ಯಾರಿಗ್ಗೊತ್ತು? ಹೊಸ ಪ್ರೊಫೆಸರ್ರು. ನಾನೂ ಮುಖ ನೋಡಿದ್ದು ಇವತ್ತೇ. ಹೋಗಿ, ಮೊದಲ ಸರದಿ ನಿಮ್ಮದೇ.”

ಒಳಗೆ ದೊಡ್ಡ ಮೇಜಿನ ಹಿಂದೆ ನಡುವಯಸ್ಸಿನ ಒಬ್ಬ ಮನುಷ್ಯ ಟೈ ಕಟ್ಟಿಕೊಂಡು ಕೂತಿದ್ದ. ಅವಳು ನಮಸ್ಕಾರ ಮಾಡಿ ಕೂತಳು. ಆತ ಅವಳ ಮುಖ ನೋಡಲಿಲ್ಲ. ಭುಜವನ್ನೇ ದಿಟ್ಟಿಸಿದ.

“ಈ ಕೋಟು ನಿಮ್ಮದಲ್ಲ.”

ಅವಳು ತೋಳಿನ ತುದಿಯನ್ನು ಮೆಲ್ಲಗೆ ಒಳಕ್ಕೆ ಮಡಿಚಿಕೊಂಡಳು.

“ಭುಜ ಇಳಿದಿದೆ, ತೋಳು ಉದ್ದ ಆಗಿದೆ. ಇನ್ಯಾರದ್ದೋ ಅಳತೆ ಇದು.”

“ನಮ್ಮಕ್ಕಂದು ಸರ್.” ಆ ಕಟ್ಟಡದೊಳಗೆ ಕಾಲಿಟ್ಟ ಮೇಲೆ ಅವಳು ಆಡಿದ ಮೊದಲ ನಿಜ.

“ಪರವಾಗಿಲ್ಲ. ಆದ್ರೆ ಇನ್ನೊಬ್ಬರದ್ದನ್ನ ತೊಟ್ಕೊಂಡು ಕೂತ್ರೆ ಯಾವಾಗ ಕಳಚಿ ಹಾಕ್ತೀವೋ ಅನ್ಸುತ್ತೆ, ಅಲ್ವಾ?” ಆತ ಕತ್ತುಪಟ್ಟಿಯೊಳಗೆ ಬೆರಳು ತೂರಿಸಿ ಸಡಿಲಿಸಿಕೊಂಡ.

ಗೊತ್ತಾಗಿದೆ, ಆಟ ಆಡಿಸುತ್ತಿದ್ದಾನೆ ಎಂದುಕೊಂಡಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಆತ ಮುಂದಿದ್ದ ಹಾಳೆಯನ್ನು ಹತ್ತಿರಕ್ಕೆಳೆದು ಓದಿದ. “ಎಂಬಿಎ ಬಿಟ್ಟು ಈ ಕೋರ್ಸೇ ಯಾಕೆ?”

ಅಕ್ಕ ಬಾಯಿಪಾಠ ಮಾಡಿಸಿದ್ದ ಉತ್ತರ ಆ ಗಾಬರಿಯಲ್ಲಿ ಎಲ್ಲಿಗೋ ಓಡಿಹೋಗಿತ್ತು. “ಎಂಬಿಎ ಅಂದ್ರೆ ಎಲ್ಲಾ ನಂಬರಿನ ಬೂಟೂ ಇರೋ ಅಂಗಡಿ ಸರ್. ಇದು ಒಬ್ಬರ ಕಾಲಿಗೆ ಅಂತಲೇ ಹೊಲಿದ ಬೂಟು.”

“ಹೊಲಿದದ್ದು! ರೆಡಿಮೇಡ್ ಅಲ್ಲ!” ಆತ ಮೇಜು ತಟ್ಟಿದ. “ಎಂಥ ಮಾತು ಹೇಳಿದ್ರಿ!”

ಮುಂದಿನ ಪ್ರಶ್ನೆ ದಾಸ್ತಾನಿನ ಲೆಕ್ಕದ್ದು. ಉತ್ತರವನ್ನು ತಲೆಕೆಳಗಾಗಿ ಹೇಳಿದ್ದು ಅವಳಿಗೇ ಗೊತ್ತಾಯಿತು. ಆತ ಮಾತ್ರ, “ಅದೇ, ಅದೇ,” ಎಂದು ತಲೆಯಾಡಿಸಿದ. ಹಳ್ಳ ತೋಡುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು.

ಇದ್ದಕ್ಕಿದ್ದಂತೆ ಆತ ಹಾಳೆಯನ್ನು ಪಕ್ಕಕ್ಕೆ ಸರಿಸಿದ. “ಇದೆಲ್ಲ ಇರ್ಲಿ. ಗೋದಾಮಲ್ಲಿ ಏನು ಮಾಡಿದ್ರಿ ಅಂತ ಹೇಳಿ. ನಿಮ್ಮ ಮಾತಲ್ಲೇ.”

ಇದಕ್ಕೆ ಬಾಯಿಪಾಠ ಬೇಕಿರಲಿಲ್ಲ. ಒಂದು ಬೇಸಿಗೆಯಲ್ಲಿ ಮಕ್ಕಳ ಲಸಿಕೆ ಸಾಗಿಸುವ ತಣ್ಣನೆಯ ಲಾರಿ ಕೆಟ್ಟು ನಿಂತಿತ್ತು. ಮ್ಯಾನೇಜರು ತಲೆ ಮೇಲೆ ಕೈ ಹೊತ್ತು ಕೂತಿದ್ದ. ಅಕ್ಕ ಐಸ್‌ಕ್ರೀಮ್ ಕಂಪನಿಗೆ ಫೋನ್ ಹಚ್ಚಿ, ಬೈಸಿಕೊಂಡು, ಬೇಡಿಕೊಂಡು, ಅವರ ವ್ಯಾನು ತರಿಸಿದ್ದಳು. ಹಾದಿಯುದ್ದಕ್ಕೂ ಮಕ್ಕಳು ಐಸ್‌ಕ್ರೀಮಿಗೆಂದು ವ್ಯಾನಿನ ಹಿಂದೆ ಓಡಿದ್ದರು. ಒಳಗಿದ್ದದ್ದು ಸೂಜಿ ಮದ್ದು. ಒಂದು ಸೀಸೆಯೂ ಕೆಡದೆ ಆಸ್ಪತ್ರೆ ಮುಟ್ಟಿತ್ತು.

“ಮಾರನೇ ದಿನ ಹಾರ ಮ್ಯಾನೇಜರಿಗೆ ಬಿತ್ತು ಸರ್. ಅವಳಿಗೆ...” ತಂಗಿ ನಾಲಿಗೆ ಕಚ್ಚಿಕೊಂಡಳು. “ನನಗೆ ಏನೂ ಇಲ್ಲ.” ಆ ಸಿಟ್ಟು ಮಾತ್ರ ನಾಟಕವಾಗಿರಲಿಲ್ಲ.

ಆತ ಪೆನ್ನು ತೆಗೆದು, ಅವಳೆದುರೇ ಹೆಸರಿನ ಮುಂದೆ ‘ಆಯ್ಕೆ’ ಎಂದು ದೊಡ್ಡದಾಗಿ ಬರೆದ. “ಇಂಥೋರಿಗೆ ಕೊಡದೆ ಇನ್ಯಾರಿಗೆ ಕೊಡೋದು? ನೀವೇನಾದ್ರೂ ಕೇಳೋದಿದೆಯಾ?”

ಕೊನೆಗೆ ಒಂದು ಪ್ರಶ್ನೆ ಕೇಳಲೇಬೇಕೆಂದು ಅಕ್ಕ ಹೇಳಿ ಕಳಿಸಿದ್ದಳು. “ಎರಡನೇ ವರ್ಷ ಯಾವ ವಿಷಯಕ್ಕೆ ಹೆಚ್ಚು ಒತ್ತು ಕೊಡ್ತೀರಿ ಸರ್?”

ಆತನ ಮುಖ ಬಿಳಿಚಿತು. ಲೋಟದ ನೀರನ್ನೆಲ್ಲ ಕುಡಿದ. “ಮೊದಲು ಮೊದಲನೇ ವರ್ಷ ಮುಗಿಸಿಯಮ್ಮಾ,” ಎಂದ.

ಹೊರಗೆ ಬಂದವಳು ಗೋಡೆಗೊರಗಿದಳು. ಗೆದ್ದಿದ್ದಳು. ಆದರೆ ಬೂಟು ಮಾರಿದಾಗಿನ ಖುಷಿ ಬರಲಿಲ್ಲ. ಪಾಪ, ಎಷ್ಟು ಒಳ್ಳೆಯ ಮನುಷ್ಯ, ನಂಬಿಬಿಟ್ಟನಲ್ಲ. ಒಳಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕಾಲಿಗೆ ಬಿದ್ದು ಅಕ್ಕನನ್ನೇ ಕರೆತರುತ್ತೇನೆ ಎಂದರೆ ಒಪ್ಪಲಾರನೇ? ಧೈರ್ಯ ಮಾಡಿ, ಅರ್ಧ ತೆರೆದಿದ್ದ ಬಾಗಿಲಿಗೆ ಕೈ ಹಾಕಿದಳು.

ಒಳಗೆ ಆತ ಫೋನನ್ನು ಕಿವಿಗೊತ್ತಿಕೊಂಡು ಪಿಸುಗುಡುತ್ತಿದ್ದ: “ಧೈರ್ಯ ಬಂದಿದ್ರೆ ಬೇಗ ಬಂದು ನಿನ್ನ ಕುರ್ಚೀಲಿ ನೀನೇ ಕೂತ್ಕೋ ಅಣ್ಣಾ, ಒಬ್ಬಳಿಗೆ ಸೀಟು ಕೊಟ್ಟಾಯ್ತು, ಹೊರಗೆ ಇನ್ನೂ ಸಾಲು ನಿಂತಿದೆ, ಅಲ್ಲಿ ಅಂಗಡೀಲಿ ಮದುವೆ ಗಂಡಿನ ಕೋಟಿಗೆ ನಾನಿನ್ನೂ ತೋಳೇ ಹಚ್ಚಿಲ್ಲ!”